‘ಇಂದಿನ ಆಧುನಿಕ ಯುಗದಲ್ಲಿ’ ಅಂತ ನಾವು ಬರಿಯೋದು ಯಾರಿಗೆ?

ನಮ್ಮ ಕಾಕಾನ ಮಗ ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಪಿಎಸ್‌ಐ ಪರೀಕ್ಷಾಕ್ಕ ಓದಾಕತ್ತು ಎರಡು ವರ್ಷ ಆತು. ಶಿಗ್ಗಾವಿ ಕಡೆ ಹುಡುಗ, ಬಿಎ ಮುಗಿಸ್ಯಾನ, ಮುಂಜಾನೆ ರೀಡಿಂಗ್ ರೂಮಿಗೆ ಹೋದ್ರ ರಾತ್ರಿನ ಹೊರಗ ಬರೋದು. ಹೋದ ತಿಂಗಳ ಒಂದಿನ ಬಂದು ‘ಅಕ್ಕಾ, ನೀ ಬರವಣಿಗಿ ಮ್ಯಾಲೇ ಪಿಎಚ್‌ಡಿ ಮಾಡಾಕತ್ತಿ ಅಲ್ಲ, ಇದೊಂದ್ ಪ್ರಬಂಧ ನೋಡಿಕೊಡು’ ಅಂತ ಎರಡು ಹಾಳಿ ಕೈಯಾಗ ಇಟ್ಟ. ವಿಷಯ ‘ಅಂತರ್ಜಾಲ ಮತ್ತು ಯುವಜನತೆ’. ಶುರು ಹಿಂಗಿತ್ತು:

‘ಪೀಠಿಕೆ: ಇಂದಿನ ಆಧುನಿಕ ಯುಗದಲ್ಲಿ ಅಂತರ್ಜಾಲವು ಮಾನವನ ಜೀವನದ ಅವಿಭಾಜ್ಯ ಅಂಗವಾಗಿದೆ. ಅಂತರ್ಜಾಲದಿಂದ ಅನುಕೂಲಗಳೂ ಇವೆ, ಅನಾನುಕೂಲಗಳೂ ಇವೆ...’

ಮುಂದಿಂದು ನಾ ಹೇಳೋದ ಬ್ಯಾಡ, ನಿಮಗೂ ಬಾಯಿಪಾಠ ಇರತೈತಿ. ಟಿವಿ ಬಗ್ಗೆ, ವಿಜ್ಞಾನದ ಬಗ್ಗೆ, ಪರಿಸರ ಮಾಲಿನ್ಯದ ಬಗ್ಗೆ ನಾವೂ ಸಾಲ್ಯಾಗ ಇದನ್ನ ಬರದೀವಿ, ವಿಷಯ ಅಷ್ಟ ಬ್ಯಾರೆ. ಎರಡು ಹಾಳಿ ಓದಿ ಮುಗಿಸಿದ್ರೂ ಇದನ್ನ ಬರದಾಂವ ಯಾವ ಊರಾಂವ, ಯಾವ ಕಾಲದಾಂವ, ಫೋನು ಕೈಯಾಗ ಹಿಡದಾನೋ ಇಲ್ಲೋ ಒಂದೂ ಗೊತ್ತಾಗಲಿಲ್ಲ.

ಅವತ್ತ ಸಂಜೀಕ ಅವನ ‘ಗ್ರೂಪಿನ್ಯಾಗ ಒಂದ್ ಜಗಳ ನಡದೈತಿ ನೋಡ್ ಅಕ್ಕಾ’ ಅಂತ ಟೆಲಿಗ್ರಾಂ ತಗದು ತೋರಿಸ್ದ. ಮಾಕ್ ಟೆಸ್ಟಿನ್ಯಾಗ ನಮ್ಮ ರಾಜ್ಯಕ್ಕ ಕರ್ನಾಟಕ ಅಂತ ಹೆಸರಿಟ್ಟಿದ್ದು ಯಾವಾಗ ಅಂತ ಕೇಳ್ಯಾರ, ಕೀ ಆನ್ಸರಿನ್ಯಾಗ 1956 ಅಂತ ಕೊಟ್ಟಾರ. ಅದಕ್ಕ ಇಂವ ಬರದಿದ್ದು ಇದು, ಇದ್ದಂಗ ಹಾಕ್ತೀನಿ:

‘ಸರ್ ಕೀ ಆನ್ಸರ್ ತಪ್ಪೈತಿ. 1956 ನವೆಂಬರ್ 1ಕ್ಕ ರಾಜ್ಯ ಒಂದಾತು ಖರೆ, ಆದ್ರ ಹೆಸರು ಮೈಸೂರು ರಾಜ್ಯ ಅಂತನ ಇತ್ತು. ಕರ್ನಾಟಕ ಅಂತ ಆಗಿದ್ದು 1973 ನವೆಂಬರ್ 1, ದೇವರಾಜ ಅರಸು ಸಿಎಂ ಇದ್ದಾಗ. ಪ್ರಶ್ನೆದಾಗ ನಾಮಕರಣ ಅಂತ ಐತಿ ಸರ್, ಏಕೀಕರಣ ಅಂತ ಇದ್ರ ನಿಮ್ಮ ಉತ್ತರ ಕರೆಕ್ಟ್. ಹೋದ ವಾರದ ಟೆಸ್ಟಿನ್ಯಾಗ ನೀವ 1973 ಕೊಟ್ಟೀರಿ, ಸ್ಕ್ರೀನ್‌ಶಾಟ್ ಕೆಳಗ ಹಾಕೇನಿ.’

ಇದನ್ನ ಸ್ವಲ್ಪ ಸಾವಕಾಶ ನೋಡ್ರಿ. ಮೊದಲ ಸಾಲಿನ್ಯಾಗ ತನ್ನ ವಾದ ಏನಂತ ಹೇಳ್ಯಾನ. ‘ಖರೆ, ಆದ್ರ’ ಅಂತ ಎದುರಿನಾಂವ ಹೇಳೋದ್ರಾಗ ಎಷ್ಟು ಸರಿ ಐತೋ ಅಷ್ಟನ್ನ ಒಪ್ಪಿಕೊಂಡ ಮ್ಯಾಲೆ ತಂದನ್ನ ಇಟ್ಟಾನ. ‘ಏಕೀಕರಣ ಅಂತ ಇದ್ರ’ ಅಂದು, ಅವರು ನಾಳೆ ಏನು ಹೇಳಿ ತಪ್ಪಿಸ್ಕೊಬಹುದು ಅನ್ನೋದನ್ನೂ ಮೊದಲ ಮುಚ್ಚ್ಯಾನ. ಪುರಾವೆ ಹಚ್ಚ್ಯಾನ, ಮ್ಯಾಲೆ ಸರ್ ಸರ್ ಅಂತ ಮರ್ಯಾದಿನೂ ಬಿಟ್ಟಿಲ್ಲ. ವಾದ ಮಾಡಿ ಬರಿಯೋದು ಹ್ಯಾಂಗ ಅಂತ ನಾವು ಎಂಎ ಕ್ಲಾಸಿನ್ಯಾಗ ಒಂದು ಸೆಮಿಸ್ಟರ್ ಪೂರ್ತಿ ಕಲಿಸಾಕ ಒದ್ದಾಡೋದು ಇದನ್ನ. ‘ಇದು ನೋಡಪಾ ಪ್ರಬಂಧ’ ಅಂದೆ. ‘ಹೇ ಬಿಡ್ ಅಕ್ಕಾ, ಇದು ಬರೀ ಮೆಸೇಜು’ ಅಂದ.

ನನ್ನ ಓದೆಲ್ಲಾ ನಿಂತಿರೋದು ಆ ‘ಬರೀ ಮೆಸೇಜು’ ಮ್ಯಾಲ.

ಬರವಣಿಗಿ ಅಧ್ಯಯನ ಅಂತ ಒಂದು ವಿಷಯ ಐತಿ ಅಂದ್ರ ನಮ್ಮ ಕಡೆ ಮಂದಿ ‘ಅಂದ್ರ ಕಾಪಿ ರೈಟಿಂಗಾ, ದುಂಡಗ ಬರಿಯೋದಾ’ ಅಂತ ಕೇಳ್ತಾರ. ಅಲ್ರಿ. ಮನುಷ್ಯಾ ಬರಿಯೋದನ್ನ ಹ್ಯಾಂಗ ಕಲೀತಾನ, ಬರಿಯೋವಾಗ ತಲಿಯಾಗ ಏನ್ ನಡೀತೈತಿ, ಒಂದ್ ಕಡೆ ಚಲೋ ಬರಿಯಾಂವ ಇನ್ನೊಂದ್ ಕಡೆ ಯಾಕ ಮುಗ್ಗರಸ್ತಾನ, ಇದನ್ನ ನೋಡೋದು. ಅಮೆರಿಕಾದಾಗ ಹೆಚ್ಚಿನ ಕಾಲೇಜಿನ್ಯಾಗ ಸೇರಿದ ಮೊದಲನೇ ವರ್ಷ ಬರವಣಿಗಿ ಕ್ಲಾಸು ಕಡ್ಡಾಯ, ಹಂಗಾಗಿ ಅಲ್ಲೆ ಈ ವಿಷಯ ಬೆಳೀತು. ಹಾರ್ವರ್ಡ್‌ನ್ಯಾಗ 1885ಕ್ಕ ಇಂಥ ಕ್ಲಾಸನ್ನ ಮೊದಲನೇ ವರ್ಷಕ್ಕ ಇಟ್ರು, 1890ರ ದಶಕದಾಗ ಅಲ್ಲಿಯ ಒಂದು ಕಮಿಟಿ ‘ಈ ಹುಡುಗುರಿಗೆ ಬರಿಯಾಕ ಬರೂದುಲ್ಲ, ಹೈಸ್ಕೂಲಿನವ್ರು ಏನ್ ಕಲಿಸ್ಯಾರೋ’ ಅನ್ನೋ ಧಾಟ್ಯಾಗ ವರದಿ ಮ್ಯಾಲ ವರದಿ ಬರೀತು. ಆಗ ಮೊಬೈಲ್ ಎಲ್ಲಿತ್ರಿ, ರೇಡಿಯೋನೂ ಇರಲಿಲ್ಲ.

ಈಗಿನ ದೂರು ನಿಮಗ ಗೊತ್ತ ಐತಿ, ಮೊಬೈಲ್ ಬಂದು ಹುಡುಗುರ ಬರವಣಿಗಿ ಕೆಟ್ಟು ಕುಲಗೆಟ್ಟು ಹೋತು ಅಂತ. ಇದನ್ನ ಬಾಯಿ ಮಾತಿನ್ಯಾಗ ಬಿಡದ ಎಣಿಸಿ ನೋಡಿದವರದಾರ. ಆಂಡ್ರಿಯಾ ಲನ್ಸ್‌ಫರ್ಡ್ ಅಂತ ಸ್ಟ್ಯಾನ್‌ಫರ್ಡಿನ್ಯಾಗ ಪ್ರೊಫೆಸರ್ ಇದ್ರು, ಆಕಿ 2006ರಾಗ ಅಮೆರಿಕಾದ ಮೊದಲನೇ ವರ್ಷದ ಹುಡುಗುರ 877 ಪೇಪರ್ ತರಿಸಿ ತಪ್ಪು ಎಣಿಸಿದ್ಲು, ಹಿಂದ ತಾನೂ ಬ್ಯಾರೆಯವರೂ ಎಣಿಸಿಟ್ಟಿದ್ದ ಲೆಕ್ಕಾನೂ ಬಾಜು ಇಟ್ಲು. ಪ್ರತಿ 100 ಶಬ್ದಕ್ಕ ತಪ್ಪು, 1917ರಾಗ 2.11, 1930ಕ್ಕ 2.24, 1986ಕ್ಕ 2.26, 2006ಕ್ಕ 2.45. ತೊಂಬತ್ತು ವರ್ಷದಾಗ ಟಿವಿ ಬಂತು, ಕಂಪ್ಯೂಟರ್ ಬಂತು, ಇಂಟರ್‌ನೆಟ್ ಬಂತು, ತಪ್ಪಿನ ಮೀಟರ್ ಮಾತ್ರ ಇದ್ದಲ್ಲೆ ಇದ್ದಂಗ. ಅದಕ್ಕಿಂತಾ ನನಗ ಹಿಡಿಸಿದ್ದು ಇನ್ನೊಂದು ಲೆಕ್ಕ: 1917ರಾಗ ಒಂದು ಪೇಪರ್ ಅಂದ್ರ ಸರಾಸರಿ 162 ಶಬ್ದ, 2006ಕ್ಕ 1,038. ಆರು ಪಟ್ಟು ಉದ್ದ ಬರದಾರ, ಅದೂ ಹೆಚ್ಚಿನವು ವಾದ ಮಾಡೋ ಬರಹ, ತಪ್ಪು ಮಾತ್ರ ಅಷ್ಟಕ್ಕಷ್ಟ. ಮೊದಲು ಕಾಗುಣಿತದ ತಪ್ಪು ಎಲ್ಲಾದಕ್ಕೂ ಮುಂದಿತ್ತು, ಈಗ ಒಂದು ಶಬ್ದದ ಜಾಗದಾಗ ಇನ್ನೊಂದು ಶಬ್ದ ಕುಂದ್ರೋದು ಮುಂದ ಬಂದೈತಿ, ಅದಕ್ಕ ಸ್ಪೆಲ್ ಚೆಕ್ಕಿನದೂ ಒಂದು ಪಾಲೈತಿ. ಫೋನಿನ ಕೀಬೋರ್ಡು ನಾವು ‘ಹೋಗೋಣ’ ಅಂದ್ರ ತಾನ ಏನೋ ಒಂದು ಹಾಕಿ ಕಳಸೋದು ನೆನಪಾತಿಲ್ಲೋ, ಹಂಗ.

ಆಕಿದ ಇನ್ನೊಂದು ಅಧ್ಯಯನ 2001ಕ್ಕ ಶುರು ಆಗಿದ್ದು, ಸ್ಟ್ಯಾನ್‌ಫರ್ಡಿನ ಹುಡುಗುರು ವರ್ಷಗಟ್ಟಲೆ ಬರದ 14,672 ಬರಹ ಕೂಡಿಸಿದ್ದು, ಕ್ಲಾಸಿಂದೂ ಹೌದು, ಈಮೇಲ್, ಚಾಟ್, ಡೈರಿನೂ ಹೌದು. ಹುಡುಗುರು ಬರಿಯೋದ್ರಾಗ ಶೇಕಡಾ 38ರಷ್ಟು ಕ್ಲಾಸಿನ ಹೊರಗಿಂದು ಅಂತ ಅದರಾಗ ಕಂಡುಬಂತು. ನಮ್ಮ ಅಪ್ಪಾರ ಕಾಲದಾಗ ಡಿಗ್ರಿ ಮುಗಿಸಿ ನೌಕರಿ ಸೇರಿದಾಂವ ಆಮ್ಯಾಲ ಬರಿಯೋದಂದ್ರ ಸೈನ್ ಮಾಡೋದು, ಬ್ಯಾಂಕ್ ಚಲನ್ ತುಂಬೋದು, ವರ್ಷಕ್ಕೊಂದ್ ನಾಕು ಪತ್ರ. ಈಗ ಎಪಿಎಂಸ್ಯಾಗ ಬ್ಯಾಡಗಿ ಮೆಣಸಿನಕಾಯಿ ಚೀಲ ಹೊರಿಸೋ ನಮ್ಮ ಮಾವನೂ ದಿನಾ ಇಪ್ಪತ್ತು ಸಾಲು ಟೈಪ್ ಮಾಡ್ತಾನ. ಚಲೋ ಬರೀತಾನೋ ಕೆಟ್ಟ ಬರೀತಾನೋ ಆಮ್ಯಾಲಿಂದು, ಬರೀತಾನ.

ಹಂಗಾದ್ರ ಪ್ರಬಂಧ ಯಾಕ ಸತ್ತಂಗ ಇರತೈತಿ? ನನ್ನ ಉತ್ತರ ಭಾಳ ಸಣ್ಣದು, ಅದನ್ನ ಓದಾವ್ರು ಯಾರೂ ಇಲ್ಲ. ಪೇಪರ್ ತಿದ್ದಾಂವ ಓದತಾನಲ್ಲ ಅಂತೀರಿ, ಅಂವ ಓದೋದು ಗೊತ್ತಿಲ್ಲದ್ದನ್ನ ತಿಳ್ಕೊಳ್ಳಾಕ ಅಲ್ಲ. ಅಂವಗ ಎಲ್ಲಾ ಗೊತ್ತೈತಿ ಅಂತ ಬರಿಯಾಂವಗೂ ಗೊತ್ತೈತಿ. ಗೊತ್ತಿದ್ದವಂಗ ಗೊತ್ತಿದ್ದದ್ದನ್ನ ಗೊತ್ತಿಲ್ಲದಂಗ ಹೇಳೋ ಆಟ ಅದು. ಡೇವಿಡ್ ಬಾರ್ತಲೊಮೆ ಅಂತ ಒಬ್ಬರು 1985ರಾಗ ಇದರ ಬಗ್ಗೆ ಬರದ್ರು: ವಿದ್ಯಾರ್ಥಿ ಬರಿಯಾಕ ಕುಂತಾಗೊಮ್ಮೆ ವಿಶ್ವವಿದ್ಯಾಲಯ ಅನ್ನೋದನ್ನ ತನ್ನ ತಲಿಯಾಗ ಹೊಸದಾಗಿ ಕಟ್ಟಿಕೋಬೇಕಾಗತೈತಿ, ಅಲ್ಲಿ ಹ್ಯಾಂಗ ಮಾತಾಡ್ತಾರ ಅಂತ ಗೊತ್ತಿಲ್ಲದಿದ್ರೂ ಗೊತ್ತಿದ್ದಾವ್ರಂಗ ಮಾತಾಡಬೇಕಾಗತೈತಿ ಅಂತ. ಅದಕ್ಕ ‘ಅವಿಭಾಜ್ಯ ಅಂಗ’ ನೋಡಿ ನಾ ಮೊದಲಿನಂಗ ನಗೂದುಲ್ಲ. ಹುಡುಗ ದೊಡ್ಡವರ ಕೋಟು ಹಾಕ್ಕೊಂಡು ನಿಂತಾನ, ತೋಳು ಉದ್ದ ಆಗೇತಿ ಅಷ್ಟ.

ಟೆಲಿಗ್ರಾಮಿನ್ಯಾಗ ಅಂವ ತನ್ನ ಅಂಗ್ಯಾಗ ಅದಾನ, ಯಾಕಂದ್ರ ಅಲ್ಲೆ ಅಂವ ಎರಡು ವರ್ಷದಿಂದ ಅದಾನ. ಮೊದಲ ಆರು ತಿಂಗಳು ಬರೇ ನೋಡ್ಕೊಂತ ಕುಂತಿದ್ನಂತ, ಪಿಡಿಎಫ್ ಇಳಿಸ್ಕೊಳ್ಳೋದು, ‘ಥ್ಯಾಂಕ್ಯೂ ಸರ್’ ಅನ್ನೋದು, ಇಷ್ಟ. ಆಮ್ಯಾಲ ಯಾರೋ ತಾರೀಖು ತಪ್ಪು ಹಾಕಿದ್ರ ತಿದ್ದೋದು. ಆಮ್ಯಾಲ ಹೊಸಬ್ರು ಕೇಳಿದ್ದಕ್ಕ ಒಂದ್ ಸಾಲಿನ ಉತ್ತರ. ಈಗ ಕೀ ಆನ್ಸರ್ ಹಾಕಿದ ಸರ್ ಜೋಡಿನ ವಾದಕ್ಕ ನಿಂತಾನ. ಇದನ್ನ ನೋಡಿದಾಗ ನನಗ ನೆನಪಾಗೋದು ಜೀನ್ ಲೇವ್ ಅನ್ನೋ ಮಾನವಶಾಸ್ತ್ರಜ್ಞೆ ಆಫ್ರಿಕಾದ ಲೈಬೀರಿಯಾದಾಗ ಟೇಲರ್‌ಗಳ ಜೋಡಿ ಕುಂತು ನೋಡಿದ್ದು. ಕೆಲಸ ಕಲಿಯೋ ಹುಡುಗುರು ಅಲ್ಲೆ ಅರಿವಿ ಕತ್ತರಿಸೋದ್ರಿಂದ ಶುರು ಮಾಡೂದುಲ್ಲ, ಕಡೀಕಿನ ಕೆಲಸದಿಂದ ಶುರು ಮಾಡ್ತಾರ, ಗುಂಡಿ ಹಚ್ಚೋದು, ಅಂಚು ಹೊಲಿಯೋದು. ಆಮ್ಯಾಲ ಹೊಲಿಗಿ. ಕತ್ತರಿ ಕೈಗೆ ಬರೋದು ಎಲ್ಲಾ ಆದ ಮ್ಯಾಲ. ಅಂಗಿ ತಯಾರಾಗೋದು ಒಂದು ದಿಕ್ಕಿನ್ಯಾಗ, ಹುಡುಗ ತಯಾರಾಗೋದು ಅದರ ಉಲ್ಟಾ ದಿಕ್ಕಿನ್ಯಾಗ.

ಇದನ್ನ ಓದಿದಾಗ ನಾ ಬೆರಗಾಗಲಿಲ್ಲ, ಯಾಕಂದ್ರ ನಮ್ಮ ಸ್ವಾದರಮಾವಂದು ಹಳೇ ಹುಬ್ಬಳ್ಳ್ಯಾಗ ಟೇಲರ್ ಅಂಗಡಿ ಇತ್ತು. ಹೊಸಾ ಹುಡುಗ ಬಂದ್ರ ಮೊದಲ ಕಾಜಾ ಮಾಡೋದು, ಗುಂಡಿ ಹಚ್ಚೋದು, ಇಸ್ತ್ರಿ ಮಾಡಿ ಘಳಿಗಿ ಹಾಕೋದು. ಕಟಿಂಗ್ ಟೇಬಲ್ ಹತ್ರ ಸುಳಿದ್ರ ಮಾವ ಟೇಪಿನ್ಯಾಗ ಹೊಡೀತಿದ್ದ. ಕಾಜಾ ಕೆಟ್ರ ಬಿಚ್ಚಿ ಮತ್ತ ಮಾಡಬಹುದು, ಅರಿವಿ ತಪ್ಪು ಕತ್ತರಿಸಿದ್ರ ಗಿರಾಕಿಗೆ ದುಡ್ಡು ಕಟ್ಟಿಕೊಡಬೇಕು, ಲೆಕ್ಕ ಅಷ್ಟ ಸರಳ. ಆದ್ರ ವರ್ಷಗಟ್ಟಲೆ ಕಾಜಾ ಮಾಡ್ಕೊಂತ ಕುಂತ ಹುಡುಗ ದಿನಾ ನೂರು ಅಂಗಿ ಕೈಯಾಗ ತಿರುವಿರ್ತಾನ, ಕಾಲರ್ ಹ್ಯಾಂಗ ಕುಂದ್ರಬೇಕು ಅಂತ ಯಾರೂ ಹೇಳದನ ಅಂವಗ ಗೊತ್ತಾಗಿರತೈತಿ. ಲೇವ್ ಮತ್ತ ಎಟಿಯೆನ್ ವೆಂಗರ್ ಇಬ್ಬರೂ 1991ರಾಗ ಇದನ್ನ ಸಿದ್ಧಾಂತ ಮಾಡಿ ಬರದ್ರು: ಕಲಿಯೋದಂದ್ರ ತಲಿಗೆ ಮಾಹಿತಿ ತುಂಬಿಕೊಳ್ಳೋದಲ್ಲ, ಕೆಲಸ ಮಾಡೋ ಮಂದಿ ನಡುವ ಅಂಚಿನಿಂದ ಒಳಗ ಸರಕೊಂತ ಹೋಗೋದು. ಅಂಚಿನ್ಯಾಗ ಇದ್ರೂ ಅಂವ ಅಧಿಕೃತವಾಗಿ ಅಲ್ಲಿಯಾಂವನ, ಮಾಡಿದ ಕಾಜಾ ಖರೇ ಅಂಗಿದು, ಗಿರಾಕಿ ಹಾಕ್ಕೊಳ್ಳೋದು. ಸಾಲ್ಯಾಗ ನಾವು ಮಾಡಿಸೋದು ಉಲ್ಟಾ, ಮೊದಲನೇ ದಿನಾನ ‘ಪೀಠಿಕೆ ಬರಿ’ ಅಂತ ಕತ್ತರಿ ಕೈಗೆ ಕೊಡ್ತೀವಿ, ಅರಿವಿ ಮಾತ್ರ ಪೇಪರಿಂದು.

ತಿದ್ದೋ ವಿಷಯಕ್ಕ ಬರ್ತೀನಿ, ಇದು ನನಗ ಭಾಳ ಪ್ರೀತಿದು. ಗದಗಿನ ವೀರನಾರಾಯಣನ ಗುಡಿಗೆ ಹೋದ್ರ ಕುಮಾರವ್ಯಾಸ ಕುಂತು ಬರದ ಕಂಬ ಅಂತ ತೋರಿಸ್ತಾರ. ತನ್ನ ಭಾರತದ ಶುರುವಿನ್ಯಾಗ ಅಂವ ನಾಕು ಹೆಮ್ಮಿ ಹೇಳಿಕೊಂಡಾನ, ಅದರಾಗ ಒಂದು ಹಲಿಗಿ ಬಳಪ ಹಿಡೀಲಿಲ್ಲ ಅಂತ, ಇನ್ನೊಂದು ಒಮ್ಮೆ ಇಟ್ಟ ಪದ ಅಳಿಸಲಿಲ್ಲ ಅಂತ. ಇವತ್ತಿನ ಮಾತಿನ್ಯಾಗ ಹೇಳಬೇಕಂದ್ರ ರಫ್ ಇಲ್ಲ, ಡಿಲೀಟ್ ಇಲ್ಲ, ನೇರ ಫೇರ್ ಕಾಪಿ. ಆದ್ರ ಅಂವ ಅದನ್ನ ಹೆಮ್ಮಿ ಅಂತ ಹೇಳಿಕೊಂಡಾನ ಅಂದ್ರ ಏನರ್ಥ? ಉಳಿದವರೆಲ್ಲಾ ಹಲಿಗಿ ಮ್ಯಾಲ ಬರದು ಅಳಿಸಿ ಮತ್ತ ಬರದು ಆಮ್ಯಾಲ ಓಲಿಗೆ ಇಳಸ್ತಿದ್ರು ಅಂತನ ಅಲ್ಲ! ಹಂಗ ಬರದ ಯಾರ ಹಲಿಗಿನೂ ನಮಗ ಸಿಕ್ಕಿಲ್ಲ, ಸಿಕ್ಕಿದ್ದು ಫೇರ್ ಕಾಪಿ ಅಷ್ಟ, ಹಂಗಾಗಿ ಬರಿಯೋರೆಲ್ಲಾ ಒಂದ ಉಸಿರಿಗೆ ಬರೀತಾರ ಅಂತ ನಾವು ತಿಳ್ಕೊಂಡ್ವಿ.

ಲಿಂಡಾ ಫ್ಲವರ್ ಮತ್ತ ಜಾನ್ ಹೇಸ್ ಅನ್ನೋ ಅಮೆರಿಕಾದ ಇಬ್ಬರು ಸಂಶೋಧಕರು ಈ ಹಲಿಗಿ ನೋಡಾಕ ಒಂದು ಉಪಾಯ ಮಾಡಿ 1981ರಾಗ ಅದನ್ನ ಬರದ್ರು. ಬರಿಯೋರಿಗೆ ‘ತಲಿಯಾಗ ಏನ್ ಬರತೈತೋ ಅದನ್ನ ಬಾಯಿಬಿಟ್ಟು ಹೇಳ್ಕೊಂತ ಬರೀರಿ’ ಅಂದು ಅದನ್ನೆಲ್ಲಾ ರೆಕಾರ್ಡ್ ಮಾಡಿದ್ರು. ಕಂಡಿದ್ದೇನಂದ್ರ, ಮೊದಲು ಯೋಚನೆ, ಆಮ್ಯಾಲ ಬರಿಯೋದು, ಕಡೀಕ ತಿದ್ದೋದು ಅನ್ನೋ ಸಾಲು ಖರೇ ಅಲ್ಲ, ಮೂರೂ ಒಂದರಾಗೊಂದು ಕಲಸ್ಕೊಂಡ ನಡೀತಾವು, ಬರಿಯೋವಾಗನ ತಾನೇನ್ ಹೇಳಬೇಕಂತಿದ್ದೆ ಅನ್ನೋದೂ ಬದಲಾಗತೈತಿ. ನಮ್ಮ ಹುಡುಗನ ಮೆಸೇಜ್ ಕೆಳಗ ಸಣ್ಣದಾಗಿ ‘ಎಡಿಟೆಡ್’ ಅಂತ ಇತ್ತು. ಎಷ್ಟ್ ಸಲ ತಿದ್ದಿದಿ ಅಂದೆ, ನಾಕ್ ಸಲ ಅಂದ. ಮೊದಲಿಂದ್ರಾಗ ‘ಕೀ ತಪ್ಪೈತಿ, 1973’ ಅಂತಷ್ಟ ಇತ್ತಂತ. ಯಾರೋ ‘ಪ್ರಶ್ನಿ ಸರಿ ಓದ್ರಿ ಬ್ರದರ್’ ಅಂದದ್ದಕ್ಕ ಏಕೀಕರಣದ ಸಾಲು ಸೇರಿಸ್ಯಾನ, ಇನ್ನೊಬ್ಬ ‘ಪ್ರೂಫ್’ ಅಂದದ್ದಕ್ಕ ಸ್ಕ್ರೀನ್‌ಶಾಟ್ ಬಂತು, ಕಡೀಕ ತನಗ ಹೆದರಿಕಿ ಆಗಿ ‘ಸರ್’ ಸೇರಿಸಿದ್ನಂತ. ಪ್ರಬಂಧ ಎಷ್ಟ್ ಸಲ ತಿದ್ದಿದಿ ಅಂದ್ರ ‘ಅದರಾಗ ಏನ್ ತಿದ್ದೋದೈತಿ ಅಕ್ಕಾ?’ ಖರೇನ, ಅದರಾಗ ಯಾರೂ ಏನೂ ಕೇಳಿಲ್ಲ.

ಇದೆಲ್ಲಾ ಫೋನ್ ಬಂದ ಮ್ಯಾಲಿಂದು ಅಂತ ನಾ ಹೇಳಾಕತ್ತಿಲ್ಲ. ಇದ ಧಾರವಾಡದಾಗ 1920ರ ದಶಕದಾಗ ಗೆಳೆಯರ ಗುಂಪು ಅಂತ ಇತ್ತು, ಬೇಂದ್ರೆ, ಶಂ.ಬಾ. ಜೋಶಿ, ಗೋಕಾಕ ಎಲ್ಲಾ ಅದರಾಗ ಇದ್ರು. ಸುಭಾಸ ರೋಡಿನ ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನ 1933ಕ್ಕ ಶುರು ಆತು, ಅದರ ಅಟ್ಟ ಅಂದ್ರ ಬರಿಯೋ ಮಂದಿ ಕೂಡೋ ಕಟ್ಟಿ. ಎದುರಿಗೆ ಕುಂತು ‘ಇದು ನನಗ ತಿಳೀಲಿಲ್ಲೋ’ ಅನ್ನಾವ ಒಬ್ಬಿದ್ರ ಬರವಣಿಗಿ ಬ್ಯಾರೆನ ಆಗತೈತಿ. ಆಗ ಅಟ್ಟ ಹತ್ತಾಕ ಯಾರರೆ ಪರಿಚಯ ಇರಬೇಕಿತ್ತು, ಈಗ ಲಿಂಕ್ ಇದ್ರ ಸಾಕು, ಶಿಗ್ಗಾವಿ ಹುಡುಗನೂ ಹತ್ತತಾನ. ಅಟ್ಟದ ಮ್ಯಾಲ ಚಹಾ ಸಿಗೂದುಲ್ಲ ಅಷ್ಟ.

ನಮ್ಮ ಭಾಷಾದ್ದೂ ಒಂದು ಕಥಿ ಐತಿ. ‘ಮಾಡುತ್ತಿದ್ದೇನೆ’ ಬರಿಯೋದು ಹ್ಯಾಂಗ ಅಂತ ಸಾಲ್ಯಾಗ ಕಲಸ್ಯಾರ. ‘ಮಾಡಾಕತ್ತೀನಿ’ ಬರಿಯೋದು ಹ್ಯಾಂಗ ಅಂತ ಯಾರೂ ಕಲಿಸಿಲ್ಲ. ಮಾಡಾಕತ್ತೀನೋ, ಮಾಡಾಕ್ಹತ್ತೀನೋ, ಮಾಡ್ಲಿಕ್ಕತ್ತೇನೋ? ಫೋನಿನ್ಯಾಗ ಬರಕೊಂತ ಬರಕೊಂತ ನಾವ ನಾವ ಠರಾಯಿಸ್ಕೊಂಡ್ವಿ, ಇನ್ನೂ ಠರಾವ್ ಪೂರ್ತಿ ಆಗಿಲ್ಲ, ಈ ಲೇಖನದಾಗನ ನಾ ಎರಡು ಥರಾ ಬರದಿದ್ರ ಬಯ್ಯಬ್ಯಾಡ್ರಿ. ಸಾವಿರಾರು ಮಂದಿ ಕೂಡಿ ಒಂದು ಮಾತಿಗೆ ಬರವಣಿಗಿ ರೂಪ ಕೊಡೋದು ಅಂದ್ರ ಸಣ್ಣ ಮಾತಲ್ಲ. ಮೊದಲು ಇಂಗ್ಲಿಷ್ ಅಕ್ಷರದಾಗ ಬರೀತಿದ್ವಿ, ಈಗ ಕನ್ನಡ ಕೀಬೋರ್ಡ್ ಕೈಗೆ ಕುಂತೈತಿ. ಎಲ್ಲಾ ಭಾಷಾದ ಅಕ್ಷರಕ್ಕ ಕಂಪ್ಯೂಟರಿನ್ಯಾಗ ಒಂದೊಂದು ನಂಬರ್ ಕೊಡೋ ಪದ್ಧತಿಗೆ ಯೂನಿಕೋಡ್ ಅಂತಾರ, ಕನ್ನಡಕ್ಕ 1991ರ ಮೊದಲನೇ ಯೂನಿಕೋಡಿನ್ಯಾಗನ ಜಾಗ ಸಿಕ್ಕಿತ್ತು, ಬರಹ ಸಾಫ್ಟ್‌ವೇರ್ 1998ಕ್ಕ ಬಂತು, ಕನ್ನಡ ವಿಕಿಪೀಡಿಯಾ 2003ಕ್ಕ ಶುರು ಆತು, ಆದ್ರ ಜನ ಬರಿಯಾಕ ಹತ್ತಿದ್ದು ಅಂಗೈಯಾಗ ಫೋನ್ ಬಂದ ಮ್ಯಾಲ. (ನನ್ನ ಪಾಡು ಮಾತ್ರ ಇನ್ನೂ ಹಳೇದ, ಯೂನಿಕೋಡಿನ್ಯಾಗ ಬರದ ಅಧ್ಯಾಯನ ಡಿಟಿಪಿ ಅಂಗಡ್ಯಾಗ ಹಳೇ ಫಾಂಟಿಗೆ ಬದಲಿಸಿ ಕೊಡಬೇಕು, ಹಂಗ ಮಾಡಿದಾಗ ಒತ್ತಕ್ಷರ ಎಲ್ಲಾ ಜಾಗ ಬಿಟ್ಟು ಓಡಿ ಹೋಗಿ 40 ಪುಟ ಮತ್ತ ಕಣ್ಣಾಗ ಎಣ್ಣಿ ಹಾಕ್ಕೊಂಡು ತಿದ್ದಿದೆ.)

‘ಗ್ರಾಮ್ಯ ಭಾಷಾ ಬರೀಬ್ಯಾಡ್ರಿ, ಶುದ್ಧ ಬರೀರಿ’ ಅನ್ನಾವ್ರಿಗೆ ಒಂದು ಮಾತು. ಒಂಬತ್ತನೇ ಶತಮಾನದ ಕವಿರಾಜಮಾರ್ಗದಾಗ ಕನ್ನಡದ ತಿರುಳು ಎಲ್ಲೈತಿ ಅಂತ ನಾಕು ಊರು ಹೇಳ್ಯಾರ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಪುಲಿಗೆರೆ ಅಂದ್ರ ಇವತ್ತಿನ ಲಕ್ಷ್ಮೇಶ್ವರ, ಗದಗ ಜಿಲ್ಲಾ. ಅವತ್ತ ಯಾರರೆ ಬೆಂಗಳೂರು ಕಡೆಯಾಂವ ತನ್ನ ಮಾತು ಹಂಗ ಬರದಿದ್ರ ನಮ್ಮ ಲಕ್ಷ್ಮೇಶ್ವರದ ಮಂದಿನ ಅವನ ಪೇಪರಿನ್ಯಾಗ ಕೆಂಪು ಗೆರಿ ಹಾಕ್ತಿದ್ರು.

ಎಲ್ಲಾ ಚಲೋನ ಐತಿ ಅಂತ ಹೇಳಿದ್ರ ಸುಳ್ಳಾಗತೈತಿ. ಓದಾವ್ರು ಇಲ್ಲದಿದ್ರ ಬರವಣಿಗಿ ಸಾಯತೈತಿ, ಓದಾವ್ರು ಭಾಳ ಆದ್ರೂ ಸಾಯತೈತಿ. ಆಲಿಸ್ ಮಾರ್ವಿಕ್ ಮತ್ತ ಡ್ಯಾನಾ ಬಾಯ್ಡ್ ಅನ್ನೋ ಇಬ್ಬರು ಸಂಶೋಧಕರು 2011ರಾಗ ಟ್ವಿಟರ್ ಮಂದಿನ್ನ ನೋಡಿ ಬರದಿದ್ದು ಇದನ್ನ. ಮನ್ಯಾಗ ಒಂದು ಮಾತು, ಕಟ್ಟಿ ಮ್ಯಾಲ ಒಂದು, ಆಫೀಸಿನ್ಯಾಗ ಒಂದು ಅಂತ ನಾವು ಬ್ಯಾರೆ ಬ್ಯಾರೆ ಇಟ್ಟುಕೊಂಡಿದ್ದನ್ನೆಲ್ಲಾ ಅಲ್ಲೆ ಒಂದ ಪರಾತಕ್ಕ ಸುರುವಿದಂಗ ಆಗತೈತಿ. ನಿಮ್ಮ ಮನಿತನದ ವಾಟ್ಸಾಪ್ ಗ್ರೂಪ್ ನೋಡ್ರಿ: ಅಜ್ಜ ಅದಾನ, ಅತ್ತಿ ಅದಾಳ, ಹೊಸಾ ಬೀಗರದಾರ, ಎರಡು ಪಾರ್ಟಿ ಮಂದಿ ಅದಾರ, ಕೋರ್ಟಿನ್ಯಾಗ ಹೊಲದ ವ್ಯಾಜ್ಯ ನಡಸಾಕತ್ತ ಇಬ್ಬರು ಅಣ್ಣತಮ್ಮರೂ ಅದಾರ. ಇವರಿಗೆಲ್ಲಾ ಒಂದ ಸಲಕ್ಕ ಹೇಳಬಹುದಾದ ಮಾತು ಜಗತ್ತಿನ್ಯಾಗ ಒಂದ, ಗುಲಾಬಿ ಹೂವಿನ ಮ್ಯಾಲ ‘ಶುಭೋದಯ’. ನನಗೇನೋ ಆ ಗುಲಾಬಿ ಹೂವು ಮತ್ತ ‘ಇಂದಿನ ಆಧುನಿಕ ಯುಗದಲ್ಲಿ’ ಎರಡೂ ಅಕ್ಕ ತಂಗಿ ಅನಸತಾವು.

ಮೂರನೇ ತಂಗಿನೂ ಹುಟ್ಟ್ಯಾಳ ಈಗ. ನಮ್ಮ ಹುಡುಗ ಎಐ ಆಪಿಗೆ ಅದ ವಿಷಯ ಕೊಟ್ಟು ಪ್ರಬಂಧ ಬರಸಿ ತಂದ. ಮೊದಲನೇ ಸಾಲು ‘ಇಂದಿನ ಡಿಜಿಟಲ್ ಯುಗದಲ್ಲಿ’. ಇಬ್ಬರೂ ಬಿದ್ದು ಬಿದ್ದು ನಕ್ವಿ. ಅದಕ್ಕ ತಾನ ಏನ್ ಗೊತ್ತು, ನಾವು ವರ್ಷಾನುಗಟ್ಟಲೆ ಯಾರಿಗೂ ಅಲ್ಲದ್ದು ಬರದಿಟ್ಟಿದ್ದನ್ನ ತಿಂದು ಅದನ್ನ ವಾಪಸ್ ಕೊಟ್ಟೈತಿ.

ಆಮ್ಯಾಲ ನಾ ಅವಂಗ ಒಂದು ಕೆಲಸ ಹೇಳಿದೆ: ಪ್ರಬಂಧ ಅನ್ನಬ್ಯಾಡ, ‘ಪ್ರಶ್ನಿ ಸರಿ ಓದ್ರಿ ಬ್ರದರ್’ ಅಂದ್ನಲ್ಲ, ಅಂವ ಇಂಟರ್‌ನೆಟ್‌ನಿಂದ ಹುಡುಗುರು ಕೆಟ್ರು ಅಂತ ಗ್ರೂಪಿನ್ಯಾಗ ಹಾಕ್ಯಾನ ಅಂತ ತಿಳ್ಕೊ, ಅವಂಗ ಉತ್ತರ ಬರಿ. ಅರ್ಧಾ ತಾಸಿನ್ಯಾಗ ಬರದ ತಂದ. ಶುರು ಆಗಿದ್ದು ಹಿಂಗ: ‘ನಮ್ಮೂರಾಗ ನೆಟ್‌ವರ್ಕ್ ಸಿಗೋದು ಸಾಲಿ ಹಿಂದಿನ ದಿಬ್ಬದ ಮ್ಯಾಲ ಅಷ್ಟ. ಲಾಕ್‌ಡೌನ್‌ನ್ಯಾಗ ನಾವು ಏಳು ಮಂದಿ ಅಲ್ಲೆ ಕುಂತು ಒಂದ ಫೋನಿನ್ಯಾಗ ಕ್ಲಾಸ್ ಕೇಳೀವಿ. ಕೆಟ್ಟವರಾರು, ಅದರಾಗ ಇಬ್ಬರು ಈಗ ಪೊಲೀಸ್ ಆಗ್ಯಾರ.’ ಓದಿ ನಾ ಸುಮ್ಮನ ಕುಂತೆ. ಇದನ್ನ ಗ್ರಂಥಸ್ಥ ಕನ್ನಡಕ್ಕ ತಿರುಗಿಸೋದು ಹ್ಯಾಂಗ ಅಂತ ಇಬ್ಬರೂ ಕುಂತು ನೋಡಿದ್ವಿ, ‘ದಿಬ್ಬ’ ದಿಬ್ಬನ ಉಳೀತು, ‘ಅಷ್ಟ’ ಹೋಗಿ ‘ಮಾತ್ರ’ ಬಂತು, ‘ಕೆಟ್ಟವರಾರು’ ಅನ್ನೋದ್ರ ಕುಟುಕು ಎಷ್ಟ್ ಮಾಡಿದ್ರೂ ಉಳೀಲಿಲ್ಲ.

ಶನಿವಾರ ಊರಿಗೆ ಹೊಂಟಿದ್ದ, ಜುಬಿಲಿ ಸರ್ಕಲ್ಲಿಗೆ ಬಿಡಾಕ ಹೋಗಿದ್ದೆ. ಚಿಗರಿ ಬಸ್ ಬರೋ ಹೊತ್ತಿಗೆ ಕೇಳಿದ, ‘ಅಕ್ಕಾ, ನೀ ಹೇಳಿದಂಗ ಬ್ರದರ್‌ಗ ಬರದಂಗ ಬರೀತೀನಿ, ಆದ್ರ ಪೇಪರ್ ತಿದ್ದಾಂವಗ ಹೇಳಾವ್ರು ಯಾರು? ಅಂವ ಪೀಠಿಕೆ ಎಲ್ಲಿ ಅಂತ ಹುಡುಕಿದ್ರ?’

ಬಾಗಲಾ ತಗೀತು, ‘ಎರಡು ಸಾಲು ಪೀಠಿಕೆ ಹಾಕಿಬಿಡಪಾ’ ಅಂದೆ.